ವಾರಸಭಾ ಮೀಮಾಂಸೆ: ಕಡೇಚೂರು ಪಾಠ

ಯಾವ ಶಾಸ್ತ್ರ ಹೇಳಹೊರಟರೂ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಇತ್ಯರ್ಥ ಮಾಡಿಕೊಳ್ಳಬೇಕೆಂಬುದು ಪೂರ್ವಸೂರಿಗಳ ಕಟ್ಟಪ್ಪಣೆ. ಈ ಗ್ರಂಥದ ವಿಷಯ, ಸೇವಾ ಕ್ಲಬ್ಬಿನ ವಾರದ ಸಭೆ ಮತ್ತು ಅಲ್ಲಿ ಮಾತಾಡಲು ಬರುವ ಅತಿಥಿ. ಪ್ರಯೋಜನ, ಊಟ. ಸಂಬಂಧ, ಅತಿಥಿಗೂ ಕಾರ್ಯದರ್ಶಿಗೂ ನಡುವೆ ಇರುವ ಬೀಗತನ. ಅದಿಲ್ಲದಿದ್ದರೆ ಅತಿಥಿಯ ಕಚೇರಿಯಲ್ಲಿ ಕಾರ್ಯದರ್ಶಿಯದೊಂದು ಬಾಕಿ ಫೈಲು. ಅಧಿಕಾರಿ, ಎಂದರೆ ಇದನ್ನು ಓದಲು ಅರ್ಹ, ವಾರ್ಷಿಕ ಚಂದಾ ಕಟ್ಟಿ ರಸೀದಿ ಪಡೆದವನು. ಕಟ್ಟದವರೂ ಓದಬಹುದು, ಅರ್ಥವಾದರೆ ಅವರ ಪುಣ್ಯ.

ಉತ್ಪತ್ತಿ ಪ್ರಕರಣ

1893ರಲ್ಲಿ ನಮ್ಮ ಸ್ವಾಮಿ ವಿವೇಕಾನಂದರು ಷಿಕಾಗೋಗೆ ಹೋಗಿ ಭಾಷಣ ಮಾಡಿ ಬಂದರು. ಹನ್ನೆರಡೇ ವರ್ಷದಲ್ಲಿ, 1905ರ ಫೆಬ್ರವರಿ 23ರಂದು, ಅದೇ ಊರಿನಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಂದಿಗೆ ಕೂತು ರೋಟರಿ ಹುಟ್ಟಿಸಿದರು. 1917ರಲ್ಲಿ, ಪುನಃ ಅದೇ ಊರಿನ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ಲಯನ್ಸ್ ಕಟ್ಟಿದರು. ಒಮ್ಮೆ ಒಳ್ಳೆಯ ಅತಿಥಿ ಭಾಷಣ ಕೇಳಿದ ಊರು ಮತ್ತೊಂದು ಅಂಥದ್ದಕ್ಕಾಗಿ ವಾರವಾರವೂ ಕಾಯತೊಡಗಿತು ಎಂಬುದು ಇದರಿಂದ ಸಿದ್ಧ. ಕಾಯುವಿಕೆ ಇನ್ನೂ ಮುಗಿದಿಲ್ಲ ಎಂಬುದಕ್ಕೆ ವಾರದ ಸಭೆ ಇನ್ನೂ ನಡೆಯುತ್ತಿರುವುದೇ ಪ್ರಮಾಣ.

ಪಾಳಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ರೋಟರಿಗೆ ಆ ತಿರುಗುವ ಹೆಸರು ಬಂತು, ಲಾಂಛನಕ್ಕೆ ಚಕ್ರ ಬಂತು. ಇಂಥದೇ ಒಂದು ಪಾಳಿಯಲ್ಲಿ, ಜಿಲ್ಲಾ ಕೇಂದ್ರದ ಒಂದು ಸೇವಾ ಕ್ಲಬ್ಬು ತನ್ನ ವಾರದ ಸಭೆಯನ್ನು ಕಡೇಚೂರಿಗೆ ಹೊತ್ತುಕೊಂಡು ಬಂತೆಂದು ಇಟ್ಟುಕೊಳ್ಳೋಣ. ಕ್ಲಬ್ಬಿನ ಹೆಸರು ಹೇಳುವುದು ಶಾಸ್ತ್ರಮರ್ಯಾದೆಯಲ್ಲ. ಹೇಳಿದರೂ ಉಳಿದ ಕ್ಲಬ್ಬುಗಳು ತಮ್ಮದೇ ಎಂದು ತಗಾದೆ ತೆಗೆಯುತ್ತವೆ.

ಕ್ಷೇತ್ರ ಪ್ರಕರಣ

ಕಡೇಚೂರು ಯಾದಗಿರಿ ತಾಲ್ಲೂಕಿನ ಊರು, ಸೈದಾಪುರದ ಕಡೆಯದು. ತೊಗರಿ, ಹತ್ತಿ ಬೆಳೆಯುತ್ತಿದ್ದ ಹೊಲಗಳಲ್ಲಿ ಮೂರು ಸಾವಿರ ಎಕರೆಗೂ ಮಿಕ್ಕಿ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಮಲ್ಲಿಕಾರ್ಜುನ ಖರ್ಗೆಯವರು 2013–14ರಲ್ಲಿ ರೈಲ್ವೆ ಸಚಿವರಾಗಿದ್ದಾಗ ಮಂಜೂರಾದ ರೈಲು ಬೋಗಿ ಫ್ರೇಮಿನ ಕಾರ್ಖಾನೆ ಇಲ್ಲಿದೆ. ಔಷಧ, ರಾಸಾಯನಿಕ ಕಾರ್ಖಾನೆಗಳಿವೆ. ಅವುಗಳ ವಾಸನೆಯ ಬಗ್ಗೆ ಸುತ್ತಲ ಹಳ್ಳಿಗಳವರ ದೂರು ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಇಲ್ಲಿ ಆಗುವುದು ಫ್ರೇಮು ಮಾತ್ರ, ರೈಲಿನ ಗಾಲಿ ಬೇಕೆಂದರೆ 1984ರಲ್ಲಿ ಶುರುವಾದ ಯಲಹಂಕದ ಕಾರ್ಖಾನೆಗೆ ಹೋಗಬೇಕು. ಹೀಗೆ ಫ್ರೇಮು ಮಾಡುವ ಊರಿಗೆ ಅಂದು ಚಕ್ರದ ಬ್ಯಾನರು ಬಂದದ್ದು ವಿಧಿಯ ಸಂಯೋಜನೆ. ಜೋಡಣೆಯಾಯಿತೇ ಎಂಬುದೇ ಈ ಮೀಮಾಂಸೆಯ ಪ್ರಶ್ನೆ.

ಸೂತ್ರ ಪ್ರಕರಣ

ಸೂತ್ರ 1: ಹೇಳಿದ ಹೊತ್ತಿಗೆ ಬಂದವನೇ ಕುರ್ಚಿ ಹಾಕತಕ್ಕದ್ದು.

ಭಾಷ್ಯ: ಆದ್ದರಿಂದಲೇ ಯಾರೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಅತಿಥಿ ಮಾತ್ರ ಬರುತ್ತಾರೆ. ಅವರಿಗೆ ಕುರ್ಚಿ ಹಾಕಲು ಹೇಳುವಂತಿಲ್ಲವಾಗಿ ಚಹಾ ಕೊಡಲಾಗುತ್ತದೆ.

ಸೂತ್ರ 2: ವೇದಿಕೆಯ ಮೇಲಿನವರು ಕೆಳಗಿನವರಿಗಿಂತ ಕಡಿಮೆಯಾಗಕೂಡದು.

ಭಾಷ್ಯ: ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ನಿಕಟಪೂರ್ವ ಅಧ್ಯಕ್ಷ, ನಿಯೋಜಿತ ಅಧ್ಯಕ್ಷ, ಈ ಮೂರೂ ಕಾಲದ ಅಧ್ಯಕ್ಷರ ಆಪ್ತರು ಮೇಲೆ ಕೂತ ನಂತರ ಕೆಳಗೆ ಉಳಿಯುವವರು ಚಾಲಕರು, ಸೌಂಡ್ ಸಿಸ್ಟಂನವನು ಮತ್ತು ಶಾಲೆ ಬಿಡಿಸಿ ಕರೆತಂದ ಮಕ್ಕಳು.

ಸೂತ್ರ 3: ಭಾಷಣಕ್ಕಿಂತ ಉದ್ದವಿದ್ದರೆ ಮಾತ್ರ ಅದು ಪರಿಚಯ.

ಭಾಷ್ಯ: ಪರಿಚಯವನ್ನು ಅತಿಥಿಯೇ ಬರೆದು ಕಳಿಸಿರುತ್ತಾರೆ. ಓದುವವರು ಅದನ್ನು ಮೊದಲ ಸಲ ನೋಡುತ್ತಿರುತ್ತಾರೆ. ಅತಿಥಿ ತಲೆ ತಗ್ಗಿಸಿ ಕೇಳುತ್ತ, ತಪ್ಪಿದ ಪದವಿಗಳನ್ನು ಮೆಲುದನಿಯಲ್ಲಿ ತಿದ್ದುತ್ತಾರೆ.

ಸೂತ್ರ 4: ವಂದನಾರ್ಪಣೆ ಶುರುವಾದ ಮೇಲೆ ಪ್ರಶ್ನೆ ಮೈಲಿಗೆ.

ಭಾಷ್ಯ: ಇದರ ವಿವರ ಮುಂದೆ ಬರುತ್ತದೆ.

ಅತಿಥಿ ಭೇದಗಳು

ಅತಿಥಿಗಳು ಚತುರ್ವಿಧ. ಅಧಿಕಾರಿ ಜಾತಿಯವರು ಮೊದಲನೆಯವರು. ಮಾತಿನ ಮಧ್ಯೆ ಫೋನು ಬರುತ್ತದೆ, ಉತ್ತರಿಸುತ್ತ ಹೊರಗೆ ಹೋಗುತ್ತಾರೆ, ಜೀಪು ಹೊರಟ ಸದ್ದು ಕೇಳುತ್ತದೆ. ಎರಡನೆಯವರು ಕಲಬುರಗಿಯಿಂದ ಬಂದ ವೈದ್ಯರು. ಎಣ್ಣೆ ಪದಾರ್ಥ ವಿಷವೆಂದು ಸ್ಲೈಡು ತೋರಿಸುತ್ತಿರುವಾಗಲೇ ಹಿಂದಿನ ಬಾಗಿಲಿನಿಂದ ಸುಸಲಾ ಮತ್ತು ಬಿಸಿ ಮಿರ್ಚಿ ಒಳಗೆ ಬರುತ್ತವೆ. ಮೂರನೆಯವರು ವ್ಯಕ್ತಿತ್ವ ವಿಕಸನದವರು. ಪಕ್ಕದವರಿಗೆ ಕೈಕುಲುಕಿಸಿ, ಎಲ್ಲರನ್ನೂ ನಿಲ್ಲಿಸಿ, ಚಪ್ಪಾಳೆ ಹೊಡೆಸುತ್ತಾರೆ. ಮಂಡಿನೋವಿನ ಸದಸ್ಯರು ಇವರಿಗೆ ಹೆದರುತ್ತಾರೆ. ನಾಲ್ಕನೆಯವರು ನಿವೃತ್ತ ಪ್ರಾಧ್ಯಾಪಕರು. ವಿಷಯ ಯಾವುದೇ ಇರಲಿ, 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಸುರಪುರದ ವೆಂಕಟಪ್ಪ ನಾಯಕರಿಂದ ಹೊರಟು, ಹೈದರಾಬಾದ್ ವಿಮೋಚನೆಯ 1948ರ ಸೆಪ್ಟೆಂಬರ್ 17ರಂದು ಉಸಿರು ತೆಗೆದುಕೊಂಡು, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ 371(ಜೆ) ಕಲಮಿನ ಹೊಸ್ತಿಲಿಗೆ ಬರುವಷ್ಟರಲ್ಲಿ ಅನ್ನ ಆರಿರುತ್ತದೆ.

ಕಡೇಚೂರಿಗೆ ಅಂದು ಬಂದವರು ಪರಿಸರದ ಬಗ್ಗೆ ಮಾತಾಡುವವರು. ಇವರನ್ನು ಯಾವ ಭೇದಕ್ಕೆ ಸೇರಿಸಬೇಕೆಂದು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹಿಮಾಲಯದ ನೀರ್ಗಲ್ಲು ಕರಗುತ್ತಿರುವುದನ್ನು, ಅಮೆಜಾನ್ ಕಾಡು ಉರಿಯುತ್ತಿರುವುದನ್ನು, ಓಜೋನ್ ಪದರದ ತೂತನ್ನು ಮನಮುಟ್ಟುವಂತೆ ವಿವರಿಸಿದರು. ನಡುವೆ ಗಾಳಿ ದಿಕ್ಕು ಬದಲಿಸಿತು. ಖಜಾಂಚಿ ಕರವಸ್ತ್ರ ತೆಗೆದರು. ನಿಯೋಜಿತ ಅಧ್ಯಕ್ಷರು ಎದ್ದು, ತಾವೇ ಕೈಯಾರೆ ಕಿಟಕಿ ಹಾಕಿದರು. ಅತಿಥಿ ಅಮೆಜಾನಿನಲ್ಲೇ ಇದ್ದರು.

ಪ್ರಶ್ನಾಧಿಕರಣ

ಕೆಳಗಿನ ಸಾಲಿನಿಂದ ರುಮಾಲು ಸುತ್ತಿದ ಹಿರಿಯರೊಬ್ಬರು ಎದ್ದರು. ಹೊಲ ಕೊಟ್ಟವರಲ್ಲಿ ಒಬ್ಬರು.

“ಸಾಹೇಬ್ರ, ನಂದೊಂದು ಕೇಳೋದದ. ರಾತ್ರಿಯಾದ್ರ ನಾತ ಹೊಡಿತದಲ್ರಿ, ಕಣ್ಣು ಉರಿತಾವ. ಅಮೆಜಾನಿಂದು ಬಿಡ್ರಿ, ಇದು ಎಲ್ಲಿಂದ್ರಿ?”

ನಿರೂಪಕರು ಮೈಕು ಹಿಡಿದರು. “ಕಾಕಾ, ಭಾಳ ಚಲೋ ಕೇಳಿದ್ರಿ. ವ್ಯಾಳ್ಯಾ ಆಗ್ಯದ, ಊಟದಾಗ ಮಾತಾಡೋಣು ಬರ್ರಿ. ಈಗ ವಂದನಾರ್ಪಣೆ.”

ಸೂತ್ರ 4 ಇಲ್ಲಿ ಚರಿತಾರ್ಥವಾಯಿತು. ವಂದನಾರ್ಪಣೆಯಲ್ಲಿ ಅತಿಥಿಗೆ, ಸಭಾಂಗಣ ಕೊಟ್ಟವರಿಗೆ, ಶಾಮಿಯಾನದವರಿಗೆ, ಅಡುಗೆಯವರಿಗೆ, ಫೋಟೊ ತೆಗೆದುಕೊಂಡು ಭಾಷಣಕ್ಕೆ ಮೊದಲೇ ಹೊರಟುಹೋದ ಪತ್ರಕರ್ತರಿಗೆ ಧನ್ಯವಾದ ಸಂದಿತು. ಪ್ರಶ್ನೆ ಕೇಳಿದವರಿಗೆ ಸಲ್ಲಲಿಲ್ಲ.

ಇಲ್ಲಿ ಒಂದು ವಿರೋಧಾಭಾಸ ಗಮನಾರ್ಹ. ಆರ್ಥಿಕ ಮುಗ್ಗಟ್ಟಿನ 1932ರಲ್ಲಿ, ದಿವಾಳಿ ಅಂಚಿನಲ್ಲಿದ್ದ ಅಲ್ಯೂಮಿನಿಯಂ ಪಾತ್ರೆ ಕಂಪನಿಯೊಂದನ್ನು ಎತ್ತಿ ನಿಲ್ಲಿಸಲು ಷಿಕಾಗೋದ ಹರ್ಬರ್ಟ್ ಟೇಲರ್ ನಾಲ್ಕು ಮಾತಿನ ಪರೀಕ್ಷೆಯೊಂದನ್ನು ಬರೆದುಕೊಂಡರು. ಮುಂದೆ ಅದು ರೋಟರಿಯ ನಿತ್ಯಪಾಠವಾಯಿತು. ಸತ್ಯವೇ, ನ್ಯಾಯವೇ, ಸ್ನೇಹ ಬೆಳೆಸುವುದೇ, ಎಲ್ಲರಿಗೂ ಹಿತವೇ ಎಂಬುದು ಅದರ ಸಾರ. ನಾಲ್ಕೂ ಪ್ರಶ್ನೆಗಳೇ! ಪ್ರಶ್ನೆ ಕೇಳಿಕೊಂಡೇ ಬದುಕಿದ ಪರಂಪರೆಯ ಹೆಸರಿನಲ್ಲಿ ಒಂದೇ ಒಂದು ಪ್ರಶ್ನೆ ಊಟಕ್ಕೆ ವರ್ಗವಾಗುತ್ತದೆ. ಊಟದಲ್ಲಿ ಅತಿಥಿಯ ಬಾಯಿ ತುಂಬಿರುತ್ತದೆ.

ಪೂರ್ವಪಕ್ಷ

ಹಾಗಾದರೆ ಇಂಥ ಕ್ಲಬ್ಬುಗಳೇ ದಂಡ ಎನ್ನುವವರುಂಟು. ಅದು ಅಸಾಧು. 1985ರಿಂದ ರೋಟರಿ ಪೋಲಿಯೊ ನಿರ್ಮೂಲನೆಗೆ ಹಣವನ್ನೂ ಜನರನ್ನೂ ಸುರಿಯಿತು. ಸರ್ಕಾರ, ಆಶಾ ಕಾರ್ಯಕರ್ತೆಯರು, ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಸೇರಿ ದುಡಿದದ್ದರಿಂದ 2011ರ ಜನವರಿಯ ಹೌರಾ ಪ್ರಕರಣವೇ ದೇಶದಲ್ಲಿ ವೈಲ್ಡ್ ಪೋಲಿಯೊದ ಕೊನೆಯದಾಯಿತು. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರ ಬಂತು. ಅದು ಆದದ್ದು ಅತಿಥಿಗೆ ಹೊದಿಸುವ ಶಾಲಿನಿಂದಲ್ಲ. ಯಾವ ಮನೆಯ ಯಾವ ಮಗು ಬಿಟ್ಟುಹೋಯಿತು ಎಂದು ಬಾಗಿಲುಬಾಗಿಲಿಗೆ ಹೋಗಿ ಕೇಳಿ, ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿ, ತಪ್ಪಿದ ಮನೆಗೆ ಮತ್ತೆ ಹೋದದ್ದರಿಂದ.

ಸಿದ್ಧಾಂತ

ರೋಟರಿಯ ಚಕ್ರಕ್ಕೆ ಇಪ್ಪತ್ನಾಲ್ಕು ಹಲ್ಲು, ಆರು ಅರಗಳು. 1920ರ ದಶಕದಲ್ಲಿ ಎಂಜಿನಿಯರ್ ಸದಸ್ಯರು ತಕರಾರು ತೆಗೆದರು: ನಡುವಿನ ತೂತಿನಲ್ಲಿ ಅಚ್ಚಿನ ಕೀಲಿ ಕೂರುವ ಕಚ್ಚು ಇಲ್ಲ, ಇಂಥ ಚಕ್ರ ತಾನು ತಿರುಗಬಹುದು, ಯಂತ್ರ ಓಡಿಸಲಾರದು. ತಕರಾರನ್ನು ಒಪ್ಪಿ ಕಚ್ಚು ಸೇರಿಸಿದರು. ಲಾಂಛನದಲ್ಲಿ ಇಂದಿಗೂ ಇದೆ. ವಾರದ ಸಭೆಗೆ ಪ್ರಶ್ನೆಯೇ ಆ ಕಚ್ಚು. ಅದಿಲ್ಲದೆ ಅಧ್ಯಕ್ಷರು, ಅತಿಥಿ, ಶಾಲು, ಮಿರ್ಚಿ ಎಲ್ಲವೂ ಸೊಗಸಾಗಿ ತಿರುಗುತ್ತವೆ, ಊರು ಮಾತ್ರ ಇದ್ದಲ್ಲೇ ಇರುತ್ತದೆ. ಆದ್ದರಿಂದ ಕಡೇಚೂರು ಪಾಠದ ವಿಧಿ ಇಷ್ಟು: ಊರಿನವರ ಪ್ರಶ್ನೆ ಮೊದಲು, ಅತಿಥಿಯ ಉತ್ತರ ಆಮೇಲೆ, ಉತ್ತರ ತಿಳಿಯದಿದ್ದರೆ ತಿಳಿದವರನ್ನು ಮುಂದಿನ ವಾರ ಕರೆಯುವುದು, ಅಲ್ಲಿಯವರೆಗೆ ಕಿಟಕಿ ತೆರೆದಿಡುವುದು.

ಫಲಶ್ರುತಿ

ಈ ಮೀಮಾಂಸೆಯನ್ನು ಕೇಳಿದವರಿಗೆ ಹಾಜರಾತಿ ದೊರೆಯುವುದು. ಓದಿದ ಕಾರ್ಯದರ್ಶಿಗೆ ಅಧ್ಯಕ್ಷಗಿರಿ, ಓದಿ ಮೆಚ್ಚಿದ ಅಧ್ಯಕ್ಷರಿಗೆ ಕ್ಲಬ್ಬುಗಳ ಜಿಲ್ಲಾ ಗವರ್ನರ್ ಪದವಿ ಕಟ್ಟಿಟ್ಟದ್ದು. ಓದಿ ಪಾಲಿಸಿದ ಅಧ್ಯಕ್ಷರಿಗೆ ನಿಕಟಪೂರ್ವ ಅಧ್ಯಕ್ಷ ಪದವಿ, ಅದೂ ಅವಧಿ ಮುಗಿಯುವ ಮೊದಲೇ.