ದೇವದತ್ತನ ಕಿತ್ತಳೆ ಬೂಟು: ಪರದೇಶ ಜಲಬಂಧನದ ಶಾಸ್ತ್ರೀಯ ವಿಚಾರ

ನಮ್ಮ ತರ್ಕ, ಮೀಮಾಂಸಾ ಗ್ರಂಥಗಳಲ್ಲಿ ದೇವದತ್ತನಷ್ಟು ದುಡಿದವರು ಬೇರೊಬ್ಬರಿಲ್ಲ. ದಪ್ಪಗಿರಬೇಕಾದವನೂ ಅವನೇ, ಹಗಲು ಉಣ್ಣದೆ ಇರಬೇಕಾದವನೂ ಅವನೇ, ಕೋಲು ಹಿಡಿದು ಹಸು ಅಟ್ಟಬೇಕಾದವನೂ ಅವನೇ. ಇಷ್ಟು ಶತಮಾನ ಉದಾಹರಣೆಯ ಕೆಲಸ ಮಾಡಿದವನಿಗೆ ಒಂದು ದಿನದ ರಜೆ ಮಂಜೂರಾದ ದಾಖಲೆ ಯಾವ ಭಾಷ್ಯದಲ್ಲೂ ಇಲ್ಲ. ಈ ಅನ್ಯಾಯವನ್ನು ಸರಿಪಡಿಸಲೆಂದು ನಾವು ಅವನನ್ನು 2019ರ ನವೆಂಬರಿನಲ್ಲಿ, ದರ ಇಳಿದಿರುವ ಕಾಲ ನೋಡಿ, ಯೂರೋಪು ಪ್ಯಾಕೇಜ್ ಟೂರಿಗೆ ಕಳಿಸಿದೆವು. ಜೊತೆಗೆ ಅವನಷ್ಟೇ ಹಳೆಯ ಸಹೋದ್ಯೋಗಿ ಯಜ್ಞದತ್ತ. ಇಬ್ಬರೂ ನವೆಂಬರ್ 12ರ ಸಂಜೆ ವೆನಿಸ್ಸಿನಲ್ಲಿದ್ದರು. ಗುಂಪಿನ ಉಳಿದವರು ಬಸ್ಸು ಹತ್ತಿ ಮುಖ್ಯಭೂಮಿಯ ಮೆಸ್ತ್ರೆಯ ಹೋಟೆಲಿಗೆ ಹೊರಟರೂ ಇವರು ದೀಪದ ಬೆಳಕಿನಲ್ಲಿ ಫೋಟೊ ತೆಗೆಯಲು ದ್ವೀಪದಲ್ಲೇ ಉಳಿದರು. ಶಾಸ್ತ್ರಕ್ಕೆ ಆದ ಲಾಭ ಇಷ್ಟು ಎಂದು ಹೇಳತೀರದು.

ಮೊದಲು ಲಕ್ಷಣ. ‘ಪರದೇಶದಲ್ಲಿ ಕಾಲು ಒದ್ದೆಯಾದವನು ಜಲಬದ್ಧ’ ಎಂದರೆ ಅತಿವ್ಯಾಪ್ತಿ ದೋಷ. ನಯಾಗರದ ಮುಂದೆ ಪ್ಲಾಸ್ಟಿಕ್ ಕೋಟು ತೊಟ್ಟು ನಗುತ್ತಿರುವ ಬೀಗರೆಲ್ಲ ಲಕ್ಷಣದೊಳಗೆ ಬಂದು ಕೂರುತ್ತಾರೆ. ‘ಹೋಟೆಲಿನಿಂದ ಹೊರಗೆ ಬರಲಾಗದವನು’ ಎಂದರೆ ಅವ್ಯಾಪ್ತಿ. ಹೋಟೆಲಿನೊಳಗೆ ಹೋಗಲಾರದ ದೇವದತ್ತನೇ ಹೊರಗುಳಿಯುತ್ತಾನೆ. ಆದ್ದರಿಂದ ನಿರ್ದುಷ್ಟ ಲಕ್ಷಣ ಹೀಗೆ: ತಾನು ದುಡ್ಡು ಕೊಟ್ಟು ನೋಡಲು ಬಂದ ನೀರು ತನ್ನನ್ನೇ ನೋಡಲು ಬಂದಾಗ, ಜೇಬಿನಲ್ಲಿ ವಾಪಸು ಟಿಕೆಟ್ ಇಟ್ಟುಕೊಂಡು ನಿಂತವನು ಜಲಬದ್ಧ. ವಾಪಸು ಟಿಕೆಟ್ ಎಂಬ ವಿಶೇಷಣ ಏಕೆ ಬೇಕೆಂದು ಕೇಳುವ ಶಿಷ್ಯರು ಸ್ವಲ್ಪ ತಾಳಬೇಕು.

ಇನ್ನು ಪ್ರಮಾಣಗಳು. ನೀರು ಬರುತ್ತದೆಂದು ತಿಳಿಯುವ ಬಗೆಯಲ್ಲಿ ಪ್ರತ್ಯಕ್ಷವೇ ಶ್ರೇಷ್ಠ ಎಂದು ಚಾರ್ವಾಕರು ವಾದಿಸಿಯಾರು. ಆದರೆ ಕಾಲ್ಚೀಲದಿಂದ ಹುಟ್ಟುವ ಜ್ಞಾನ ಯಾವಾಗಲೂ ತಡವಾಗಿಯೇ ಹುಟ್ಟುತ್ತದೆ. ವೆನಿಸ್ ನಗರ ಆಗ ನೆಚ್ಚಿಕೊಂಡಿದ್ದುದು ಶಬ್ದಪ್ರಮಾಣವನ್ನು. ದೊಡ್ಡ ಉಬ್ಬರ ಬರುವುದಕ್ಕೆ ಕೆಲವು ಗಂಟೆ ಮುಂಚೆ ಊರಿನ ಸೈರನ್ನುಗಳು ಮೊದಲು ಉದ್ದಕ್ಕೆ ಕೂಗಿ, ಬಳಿಕ ಸ್ವರ ಹಿಡಿಯುತ್ತಿದ್ದವು. ನೀರು 110 ಸೆಂಟಿಮೀಟರ್ ಮುಟ್ಟುವಂತಿದ್ದರೆ ಒಂದೇ ಸ್ವರ, 120ಕ್ಕೆ ಎರಡು, 130ಕ್ಕೆ ಮೂರು, 140 ಮತ್ತು ಅದಕ್ಕೂ ಮೇಲೆ ನಾಲ್ಕು. ಒಂದಕ್ಕಿಂತ ಒಂದು ಎತ್ತರ. ಆರೋಹಣ ಮಾತ್ರ ಇದ್ದು ಅವರೋಹಣವೇ ಇಲ್ಲದ ಈ ರಾಗವನ್ನು ಯಾವ ಮೇಳಕರ್ತಕ್ಕೆ ಸೇರಿಸಬೇಕೆಂಬುದು ಸಂಗೀತಜ್ಞರಿಗೆ ಬಿಟ್ಟ ವಿಷಯ. ಅಲ್ಲಿನ ಹೆಂಗಸರು ಮೂರನೆಯ ಸ್ವರ ಕೇಳುತ್ತಲೇ ನೆಲದ ಮೇಲಿನ ಚೀಲಗಳನ್ನು ಅಟ್ಟಕ್ಕೇರಿಸುತ್ತಿದ್ದರು, ಅಂಗಡಿಯವರು ಬಾಗಿಲ ಬುಡಕ್ಕೆ ಲೋಹದ ಹಲಗೆ ಸಿಕ್ಕಿಸುತ್ತಿದ್ದರು.

ದೇವದತ್ತನೂ ಅದೇ ಶಬ್ದ ಕೇಳಿದ. ಆದರೆ ಅವನು ಬೆಳೆದದ್ದು ಭದ್ರಾವತಿಯಲ್ಲಿ. ಸೈರನ್ ಎಂದರೆ ಕಾರ್ಖಾನೆಯ ಪಾಳಿ ಬಿಟ್ಟಿತು ಎಂಬ ಶಕ್ತಿಗ್ರಹ ಬಾಲ್ಯದಲ್ಲೇ ಆಗಿಹೋಗಿತ್ತು. ‘ಇಲ್ಲೂ ಸೆಕೆಂಡ್ ಶಿಫ್ಟ್ ಬಿಟ್ರು ಕಣೋ’ ಎಂದು ಯಜ್ಞದತ್ತನಿಗೆ ವಿವರಿಸಿ, ಇನ್ನೊಂದು ಪೀಟ್ಸಾ ಹೇಳಿದ. ಶಬ್ದ ಸರಿಯಾಗಿದ್ದೂ ಶಾಬ್ದಬೋಧ ಕೆಟ್ಟದ್ದಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ನಮಗೆ ಸಿಕ್ಕಿಲ್ಲ. ಇದೇ ಹೊತ್ತಿನಲ್ಲಿ ಅರ್ಥಾಪತ್ತಿಯೂ ಕೈಗೆಟಕುವಷ್ಟು ಹತ್ತಿರ ಬಂದು ಹೋಯಿತು. ತಟ್ಟೆ ತಂದಿಟ್ಟ ಮಾಣಿ ತೊಡೆಯವರೆಗೆ ರಬ್ಬರ್ ಬೂಟು ತೊಟ್ಟಿದ್ದ, ನೆಲವಿನ್ನೂ ಒಣಗಿತ್ತು. ಇವೆರಡನ್ನೂ ಕೂಡಿಸಬಲ್ಲ ಸಂಗತಿ ಒಂದೇ ಇರಲು ಸಾಧ್ಯ. ದೇವದತ್ತ ಅದನ್ನು ಇಟಲಿಯ ಫ್ಯಾಷನ್ನಿಗೆ ಜಮಾ ಮಾಡಿದ.

ಕಾರಣ ವಿಚಾರ ಬಹಳ ಸೂಕ್ಷ್ಮವಾದದ್ದು. ಅಂದು ಕಾರ್ತಿಕ ಹುಣ್ಣಿಮೆ. ಭದ್ರಾವತಿಯಲ್ಲಿ ತಾಯಿ ಬಾಗಿಲಿಗೆ ಹಣತೆ ಇಟ್ಟದ್ದೂ, ಏಡ್ರಿಯಾಟಿಕ್ ಸಮುದ್ರ ಉಬ್ಬಿದ್ದೂ ಒಂದೇ ಚಂದ್ರನ ಲೆಕ್ಕದಲ್ಲಿ. ಹುಣ್ಣಿಮೆ, ಅಮಾವಾಸ್ಯೆಗಳ ಉಬ್ಬರದ ಬಲ ಗಂಗೊಳ್ಳಿಯ ಮೀನುಗಾರರಿಗೆ ಪಂಚಾಂಗ ತೆರೆಯದೆಯೇ ಗೊತ್ತು. ಆದರೆ ಚಂದ್ರನೊಬ್ಬನೇ ವೆನಿಸ್ಸನ್ನು ಮುಳುಗಿಸಲಾರ. ಏಡ್ರಿಯಾಟಿಕ್ ಉದ್ದನೆಯ, ಇಕ್ಕಟ್ಟಾದ ಸಮುದ್ರ. ವೆನಿಸ್ ಇರುವುದು ಅದರ ಬಡಗಣ ಕೊನೆಯಲ್ಲಿ. ಆಗ್ನೇಯದಿಂದ ಸಿರೊಕ್ಕೊ ಗಾಳಿ ಬೀಸಿತೆಂದರೆ ನೀರನ್ನೆಲ್ಲ ಮುಂದೆ ದಾರಿಯಿಲ್ಲದ ಆ ಮೂಲೆಗೆ ತಳ್ಳಿಕೊಂಡು ಬರುತ್ತದೆ. ಅಂದು ರಾತ್ರಿ ಇವೆರಡೂ ಸಾಲದೆಂಬಂತೆ ವೆನಿಸ್ಸನ್ನು ಸುತ್ತುವರಿದ ಖಾರಿಯ ಮೇಲೆಯೇ ಪುಟ್ಟದೊಂದು ಸುಳಿಗಾಳಿ ಹಾದು, ಗಂಟೆಗೆ ನೂರು ಕಿಲೋಮೀಟರು ಮೀರಿದ ರಭಸದಲ್ಲಿ ಬೀಸಿತು. ಸಂಜೆಯ ಮುನ್ಸೂಚನೆ 140ರ ಆಸುಪಾಸಿನಲ್ಲಿತ್ತು. ರಾತ್ರಿ ಅದನ್ನು ಮತ್ತೆ ಮತ್ತೆ ಏರಿಸಬೇಕಾಯಿತು. 10 ಗಂಟೆ 50 ನಿಮಿಷಕ್ಕೆ ಅಳತೆ 187ಕ್ಕೆ ಹೋಗಿ ನಿಂತಿತು. 1966ರ ನವೆಂಬರ್ 4ರ 194 ಸೆಂಟಿಮೀಟರನ್ನು ಬಿಟ್ಟರೆ ದಾಖಲೆಯಲ್ಲೇ ಇದು ಅತಿ ಎತ್ತರ. ಉಪಾದಾನ ಕಾರಣ ಸಮುದ್ರ, ನಿಮಿತ್ತ ಕಾರಣ ಗಾಳಿ. ಪೀಟ್ಸಾ ಸಹಕಾರಿ ಕಾರಣ.

ಇಲ್ಲಿ ಅಳತೆಯ ಬಗ್ಗೆ ಒಂದು ಘೋರ ಸಂಶಯ ಏಳುತ್ತದೆ. ಅದನ್ನು ಎತ್ತಿದವರು ದೇವದತ್ತನ ತಾಯಿ, ಮರುದಿನ ಬೆಳಗ್ಗೆ, ವಾಟ್ಸಾಪ್ ಕರೆಯಲ್ಲಿ.

‘ಅಲ್ಲ ಮಾರಾಯ, ನೂರಾ ಎಂಬತ್ತೇಳು ಸೆಂಟಿಮೀಟರ್ ನೀರು ಅಂತ ಟೀವೀಲಿ ಹೇಳ್ತಿದಾರೆ. ನೀನಿರೋದೇ ನೂರಾ ಅರವತ್ತೇಳು. ಮತ್ತೆ ಮಾತಾಡ್ತಿರೋದು ಹೇಗೆ?’

ಎಂಥ ನೈಯಾಯಿಕನೂ ತಲೆ ತಗ್ಗಿಸಬೇಕಾದ ಪ್ರಶ್ನೆ. ಸಮಾಧಾನ ಹೀಗಿದೆ: ವೆನಿಸ್ಸಿನವರು ನೀರನ್ನು ಅಳೆಯುವುದು ರಸ್ತೆಯಿಂದಲ್ಲ. ಪುಂತಾ ದೆಲ್ಲಾ ಸಲೂತೆ ಎಂಬಲ್ಲಿ 1897ರಲ್ಲಿ ಗೊತ್ತುಮಾಡಿದ ಸಮುದ್ರಮಟ್ಟವೇ ಅವರ ಸೊನ್ನೆ. ಅಲ್ಲಿಂದೀಚೆಗೆ ನೆಲ ಕುಸಿದು, ಕಡಲು ಏರಿ, ಈಗಿನ ಸಾಧಾರಣ ಮಟ್ಟವೇ ಆ ಸೊನ್ನೆಗಿಂತ ಸುಮಾರು 30 ಸೆಂಟಿಮೀಟರ್ ಮೇಲಿದೆ. ಸೇಂಟ್ ಮಾರ್ಕ್ ಚೌಕ ಊರಿನ ತಗ್ಗು. 80 ದಾಟಿತೆಂದರೆ ಅಲ್ಲಿ ಚರಂಡಿಯ ಕಿಂಡಿಗಳಿಂದಲೇ ನೀರು ಮೇಲೆದ್ದು ಬರುತ್ತದೆ. ಆದ್ದರಿಂದ 187 ಎಂದರೆ ಚೌಕದಲ್ಲಿ ಒಂದು ಮೀಟರಿಗೆ ತುಸು ಮೇಲೆ, ಎಂದರೆ ದೇವದತ್ತನ ಸೊಂಟ. ತಾಯಿ ಇದನ್ನು ಕೇಳಿ, ‘ಸತ್ತವರ ಕಾಲದ ಸಮುದ್ರದಿಂದ ಯಾಕೆ ಅಳೀಬೇಕು, ಇರೋ ಬೀದಿಯಿಂದ ಅಳೀಬಾರ್ದಾ?’ ಎಂದರು. ಈ ಆಕ್ಷೇಪಕ್ಕೆ ಸಮರ್ಪಕ ಉತ್ತರ ನಮಗಿನ್ನೂ ಹೊಳೆದಿಲ್ಲ.

ಪ್ರಮಾಣಗಳಲ್ಲೆಲ್ಲ ಕಷ್ಟದ್ದು ಅನುಪಲಬ್ಧಿ. ಮೀಮಾಂಸಕ ಕುಮಾರಿಲ ಭಟ್ಟರ ಮತದಂತೆ, ಇದ್ದರೆ ಕಾಣಬೇಕಾಗಿದ್ದ ವಸ್ತು ಕಾಣದಿದ್ದಾಗ ಅದು ಇಲ್ಲವೆಂದು ತಿಳಿಯಬಹುದು. ವೆನಿಸ್ಸಿನ ಕಾಲುವೆ ದಂಡೆಗಳಲ್ಲಿ ಬಹುಪಾಲಿಗೆ ಕಟಕಟೆಯಿಲ್ಲ. ನೀರು ದಂಡೆಯ ಮೇಲೆ ಹರಡಿದ ಮೇಲೆ ಎಲ್ಲಿ ಕಲ್ಲು ಹಾಸು ಮುಗಿಯಿತು, ಎಲ್ಲಿ ಕಾಲುವೆ ಶುರುವಾಯಿತು ಎಂಬ ಅಂಚು ಕಾಣುವುದಿಲ್ಲ. ಅಂಚು ಕಾಣಲಿಲ್ಲ, ಆದ್ದರಿಂದ ಅಂಚಿಲ್ಲ, ಆದ್ದರಿಂದ ಎಲ್ಲವೂ ರಸ್ತೆಯೇ ಎಂದು ಯಜ್ಞದತ್ತ ಸಾಧಿಸಿದ. ‘ಕತ್ತಲಲ್ಲಿ, ಕೆಸರು ನೀರಿನಡಿಯಲ್ಲಿ ಅಂಚು ಇದ್ದರೂ ಕಾಣುವ ಯೋಗ್ಯತೆ ಅದಕ್ಕಿಲ್ಲ, ಹಾಗಾಗಿ ಇದು ಯೋಗ್ಯಾನುಪಲಬ್ಧಿಯಲ್ಲ’ ಎಂದು ದೇವದತ್ತ ಖಂಡಿಸುವಷ್ಟರಲ್ಲಿ ಯಜ್ಞದತ್ತ ಎದೆಯವರೆಗೆ ಕಾಲುವೆಯಲ್ಲಿದ್ದ. ಅವನನ್ನು ಕಾಲರು ಹಿಡಿದು ಎತ್ತಿದ್ದು ಗೋಡೆಗೆ ಒತ್ತಿಕೊಂಡು, ಕಾಲು ಎತ್ತದೆ ಜಾರಿಸುತ್ತ ಹೋಗುತ್ತಿದ್ದ ಒಬ್ಬ ಮುದುಕಿ. ಆಕೆಗೆ ಕುಮಾರಿಲರ ಪರಿಚಯ ಇದ್ದಂತಿರಲಿಲ್ಲ.

ಪಸ್ಸೆರೆಲ್ಲೆ ಎಂಬ ಮರದ ಹಲಗೆ ಸೇತುವೆಗಳೇನಾದವು ಎಂದು ಚಿತ್ರ ನೋಡಿ ಬಲ್ಲ ಓದುಗರು ಕೇಳಬಹುದು. ಕಬ್ಬಿಣದ ಕುದುರೆಗಳ ಮೇಲೆ ಹಲಗೆ ಹಾಸಿದ ಆ ದಾರಿ 120 ಸೆಂಟಿಮೀಟರ್‌ವರೆಗೆ ಮಾತ್ರ ದಾರಿ. ಆಮೇಲೆ ಹಲಗೆಯೇ ತೇಲತೊಡಗುತ್ತದೆ. ಹಾಗಾದರೆ ದೋಣಿ? ನೀರಿನ ಬಸ್ಸುಗಳ ಓಡಾಟ ನಿಂತಿತ್ತು. ನೀರು ಹೆಚ್ಚಾದಾಗ ದೋಣಿಯ ತಲೆ ಸೇತುವೆಯ ಹೊಟ್ಟೆಗೆ ಬಡಿಯುತ್ತದೆ. ದೋಣಿಗಳ ಊರಿನಲ್ಲಿ ನೀರು ಹೆಚ್ಚಾಯಿತೆಂದು ದೋಣಿ ನಿಲ್ಲುವುದು ವಿರೋಧಾಭಾಸ ಅಲಂಕಾರವೇ ಹೊರತು ಸಾರಿಗೆ ಇಲಾಖೆಯ ತಪ್ಪಲ್ಲ. ಉಳಿದದ್ದು ಸೇತುವೆಯ ನೆತ್ತಿ. ಮಧ್ಯರಾತ್ರಿ ಕಳೆದು ನೀರು ಇಳಿಯುವವರೆಗೆ ಇಬ್ಬರೂ ಒಂದು ಪುಟ್ಟ ಕಮಾನು ಸೇತುವೆಯ ಮೇಲೆ, ಕೊರಿಯಾದ ನವದಂಪತಿ ಮತ್ತು ಒಂದು ನಾಯಿಯ ಜೊತೆ ನಿಂತಿದ್ದರು. ಯಜ್ಞದತ್ತ ಆ ಸ್ಥಿತಿಯಲ್ಲೂ ಸ್ಟೇಟಸ್ ಹಾಕಿದ.

ಉಪಮಾನ ಮಾತ್ರ ಆಗ ಒದಗಲಿಲ್ಲ. ಕಾಡಿಗೆ ಹೋಗುವವನಿಗೆ ‘ಗವಯವು ಹಸುವಿನಂತಿರುತ್ತದೆ’ ಎಂದು ಮೊದಲೇ ಹೇಳಿ ಕಳಿಸುವುದು ಕ್ರಮ. ದೇವದತ್ತನಿಗೆ ಅದು ತಲೆಕೆಳಗಾಗಿ ಬಂತು: 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ನೀರಿನಲ್ಲಿ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋಗುವಾಗ, ‘ಇದು ವೆನಿಸ್ಸಿನಂತಿದೆ’ ಎಂದ. ಸಾದೃಶ್ಯ ಅಲ್ಲಿಗೇ ಮುಗಿಯಿತು. ವೆನಿಸ್ಸಿನ ನೀರಿಗೆ ವೇಳಾಪಟ್ಟಿ ಇದೆ. ಬಂದ ನೀರು ಕೆಲವು ಗಂಟೆಗಳಲ್ಲಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಮ್ಮಲ್ಲಿ ಉಬ್ಬರ ಮಾತ್ರ ತಾನಾಗಿ ಬರುತ್ತದೆ, ಇಳಿತಕ್ಕೆ ಟೆಂಡರ್ ಕರೆಯಬೇಕು.

ಇದರಿಂದ ಅಭಾವ ಪ್ರಕರಣಕ್ಕೆ ಬರುತ್ತೇವೆ. ಖಾರಿಯ ಮೂರು ಬಾಯಿಗಳಾದ ಲೀದೋ, ಮಲಮೊಕ್ಕೊ, ಕಿಯೊಜ್ಜಾಗಳಿಗೆ ಮೋಸೆ ಎಂಬ ಹೆಸರಿನ ತಡೆ ಕಟ್ಟುವ ಕೆಲಸ 2003ರಲ್ಲಿ ಶುರುವಾಗಿತ್ತು. ಒಟ್ಟು 78 ಟೊಳ್ಳು ಉಕ್ಕಿನ ಬಾಗಿಲುಗಳು ಕಡಲ ತಳದಲ್ಲಿ ನೀರು ತುಂಬಿಕೊಂಡು ಮಲಗಿರುತ್ತವೆ. ಒತ್ತಡದ ಗಾಳಿ ಊದಿದರೆ ನೀರು ಕಕ್ಕಿ ಎದ್ದು ನಿಲ್ಲುತ್ತವೆ. ನಡುವೆ 2014ರಲ್ಲಿ ಲಂಚದ ಹಗರಣ ಎದ್ದು, ಮೇಯರೂ ಬಂಧನಕ್ಕೊಳಗಾದರು. ಬಾಗಿಲಿಗಿಂತ ಹಗರಣವೇ ಮೊದಲು ಎದ್ದಿತೆಂಬುದನ್ನು ಗಮನಿಸಬೇಕು. 2019ರ ಆ ರಾತ್ರಿ ಬಾಗಿಲುಗಳು ತಳದಲ್ಲೇ ಇದ್ದವು, ಏಳುವ ವ್ಯವಸ್ಥೆ ಪೂರ್ತಿಯಾಗಿರಲಿಲ್ಲ. ಇದು ಪ್ರಾಗಭಾವ: ಇನ್ನೂ ಹುಟ್ಟದಿರುವ ವಸ್ತುವಿನ ಇಲ್ಲದಿರುವಿಕೆ. 2020ರ ಅಕ್ಟೋಬರ್ 3ರಂದು ಅವು ಮೊದಲ ಸಲ ನಿಜವಾದ ಉಬ್ಬರಕ್ಕೆ ಎದ್ದು ನಿಂತು ಊರನ್ನು ಒಣಗಿಸಿಟ್ಟವು. ಅದೇ ವರ್ಷ ಡಿಸೆಂಬರ್ 8ರಂದು ಮುನ್ಸೂಚನೆ ಕಡಿಮೆಯಿತ್ತೆಂದು ಎಬ್ಬಿಸಲೇ ಇಲ್ಲ. ನೀರು 138ಕ್ಕೆ ಬಂತು. ವಸ್ತು ಇದ್ದೂ ಇಲ್ಲದಿರುವ ಈ ಐದನೆಯ ಅಭಾವವನ್ನು, ಅಭಾವ ನಾಲ್ಕೇ ಬಗೆ ಎಂದ ಹಳೆಯ ಶಾಸ್ತ್ರಕಾರರು ಗುರುತಿಸಿಲ್ಲ. ಬೆಂಗಳೂರಿನ ರಾಜಕಾಲುವೆಗಳದ್ದೋ ಶುದ್ಧ ಪ್ರಧ್ವಂಸಾಭಾವ: ಇದ್ದದ್ದು ನಾಶವಾದ ಮೇಲಿನ ಇಲ್ಲದಿರುವಿಕೆ. ಅದಕ್ಕೆ ಆದಿ ಉಂಟು, ಅಂತ್ಯವಿಲ್ಲ.

ಆ ರಾತ್ರಿ ಸಾಕ್ಷಿಯಾಗಿ ಇನ್ನೂ ಒಂದು ಸಭೆ ಇತ್ತು. ಗ್ರ್ಯಾಂಡ್ ಕಾಲುವೆಯ ದಡದ ಅರಮನೆಯಲ್ಲಿ ಸೇರಿದ್ದ ವೆನೆತೊ ಪ್ರಾಂತೀಯ ಮಂಡಳಿ ಹವಾಮಾನ ಬದಲಾವಣೆ ಕುರಿತ ತಿದ್ದುಪಡಿಗಳನ್ನು ತಿರಸ್ಕರಿಸಿದ ಕೆಲವೇ ನಿಮಿಷಗಳಲ್ಲಿ ಸಭಾಂಗಣಕ್ಕೆ ನೀರು ನುಗ್ಗಿತೆಂದು ಅಲ್ಲಿನ ವಿರೋಧ ಪಕ್ಷದ ಸದಸ್ಯರೊಬ್ಬರು ಬರೆದರು. ಅನುಮಾನ ಪ್ರಮಾಣಕ್ಕೆ ಧೂಮ, ಅಗ್ನಿಗಳೇ ಬೇಕೆಂದಿಲ್ಲ.

ಈಗ ಆ ವಾಪಸು ಟಿಕೆಟ್. ದೇವದತ್ತನಿಗೆ ಆದ ನಷ್ಟ: ಒಂದು ಜೊತೆ ಚರ್ಮದ ಬೂಟು, ಫೋನಿನ ಚಾರ್ಜರು, ಮೆಸ್ತ್ರೆಯಲ್ಲಿ ದುಡ್ಡು ಕೊಟ್ಟೂ ಮಲಗದ ಹಾಸಿಗೆ. ಇದನ್ನು ಅವನು ಹತ್ತು ಮದುವೆ ಮನೆಗಳಲ್ಲಿ ಹೇಳಿ ಬಡ್ಡಿ ಸಮೇತ ವಸೂಲು ಮಾಡಿದ. ಊರಿನ ಕಿರಾಣಿ ಅಂಗಡಿಯವರ ಫ್ರಿಜ್ಜು, ಹಿಟ್ಟಿನ ಮೂಟೆ ಹೋದವು. ಕ್ವೆರೀನಿ ಸ್ತಂಪಾಲಿಯಾ ಗ್ರಂಥಾಲಯದ ಪುಸ್ತಕಗಳು, ಸಂಗೀತ ಶಾಲೆಯ ಸ್ವರಲಿಪಿಗಳು ನೆನೆದವು; ಕಾಲೇಜು ಹುಡುಗ ಹುಡುಗಿಯರು ಬಂದು ಹಾಳೆ ಹಾಳೆಯಾಗಿ ಬಿಡಿಸಿ ಒಣಗಹಾಕಿದರು. ಪೆಲ್ಲೆಸ್ತ್ರೀನಾ ದ್ವೀಪದಲ್ಲಿ ಮನೆಯೊಳಗಿನ ನೀರೆತ್ತಲು ಪಂಪು ಹಚ್ಚುತ್ತಿದ್ದ ಮುದುಕರೊಬ್ಬರು ವಿದ್ಯುತ್ ತಗುಲಿ ತೀರಿಕೊಂಡರು. 1951ರಲ್ಲಿ ಸುಮಾರು 1,75,000 ಜನರಿದ್ದ ಹಳೆಯ ವೆನಿಸ್ಸಿನಲ್ಲಿ ಈಗ 50,000ವೂ ಇಲ್ಲ. ಬಾಡಿಗೆ, ಪ್ರವಾಸಿಗರು, ಕೆಲಸದ ಕೊರತೆ, ಜೊತೆಗೆ ವರ್ಷವರ್ಷ ನೆನೆಯುತ್ತಿದ್ದ ನೆಲ ಅಂತಸ್ತು. ಊರು ಬಿಟ್ಟವರು ಕೊಂಡದ್ದು ಹೋಗುವ ಟಿಕೆಟ್ ಮಾತ್ರ. ವಿಶೇಷಣ ತೆಗೆದರೆ ಲಕ್ಷಣದೊಳಗೆ ಅವರೂ ದೇವದತ್ತನೂ ಒಂದೇ ಸಾಲಿನಲ್ಲಿ ಕೂರಬೇಕಾಗುತ್ತದೆ; ಅಂಥ ಪಂಕ್ತಿಭೇದವಿಲ್ಲದ ಊಟಕ್ಕೆ ನಮ್ಮ ಶಾಸ್ತ್ರ ಒಪ್ಪದು.

ಕೊನೆಗೆ ಬೂಟಿನ ವಿಷಯ. ನೀರು ಏರತೊಡಗಿದಾಗ ದೇವದತ್ತ ಬಾಂಗ್ಲಾದೇಶದ ಒಬ್ಬ ವ್ಯಾಪಾರಿಯಿಂದ, ಅರ್ಧ ಹಿಂದಿಯಲ್ಲಿ ಚೌಕಾಸಿ ಮಾಡಿ, ಮೊಣಕಾಲುದ್ದದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮೇಲ್ಬೂಟು ಕೊಂಡಿದ್ದ. ನೀರು ಸೊಂಟಕ್ಕೆ ಬಂದಾಗ ಅದು ಒಳಗೆ ತುಂಬಿ, ನೀರಿಗೆ ಬೂಟು ಆಧಾರವೋ ಬೂಟಿಗೆ ನೀರು ಆಧಾರವೋ ಎಂಬ ಪ್ರಾಚೀನ ಪ್ರಶ್ನೆ ಎದ್ದಿತು. ಮರುದಿನ ಬೆಳಗಿನ ಉಬ್ಬರ 144 ಸೆಂಟಿಮೀಟರ್. ಅದು ಇಳಿದ ಮೇಲೆ ದೇವದತ್ತ ಬೂಟನ್ನು ಅರ್ಧ ಬೆಲೆಗೆ ವಾಪಸು ತೆಗೆದುಕೊಳ್ಳೆಂದು ಅದೇ ವ್ಯಾಪಾರಿಯ ಬೆನ್ನು ಬಿದ್ದ. ನದೀಮುಖದ ಊರಿನಲ್ಲಿ ಹುಟ್ಟಿದ ಆತ ಆಕಾಶ ನೋಡಿ, ದೇವದತ್ತನ ಮುಖ ನೋಡಿ, ಎರಡು ಯೂರೋ ಕೊಟ್ಟು ಬೂಟು ತೊಳೆದಿಟ್ಟ. 15ರಂದು 154, 17ರಂದು 150 ಬಂದವು.

ಬಸ್ಸು ಹೊರಡುವ ಹೊತ್ತಿಗೆ ಯಜ್ಞದತ್ತ ಓಡಿ ಬಂದು ಹತ್ತಿದ. ಕಾಲಿನಲ್ಲಿ ಹೊಳೆಯುವ ಕಿತ್ತಳೆ ಬೂಟು. ಹತ್ತು ಯೂರೋಗೆ ಸಿಕ್ಕಿತಂತೆ, ಹೊಚ್ಚ ಹೊಸದಂತೆ. ಅಂದು ಅಲ್ಲಿ ಕಂಡವನೇ ಇಂದು ಇಲ್ಲಿರುವ ದೇವದತ್ತ ಎಂದು ಗುರುತಿಸುವ ಪ್ರತ್ಯಭಿಜ್ಞೆಯನ್ನು ವೇದಾಂತಿಗಳು ಸಾವಿರ ವರ್ಷ ಚರ್ಚಿಸಿದ್ದಾರೆ. ದೇವದತ್ತ ಬಗ್ಗಿ, ಎಡ ಬೂಟಿನ ಹಿಮ್ಮಡಿಯಲ್ಲಿದ್ದ ತನ್ನ ಪೀಟ್ಸಾದ ಟೊಮ್ಯಾಟೊ ಕಲೆಯನ್ನು ಬಹಳ ಹೊತ್ತು ನೋಡಿ, ಏನೂ ಹೇಳದೆ ಕಿಟಕಿ ಪಕ್ಕದ ಸೀಟಿಗೆ ಹೋಗಿ ಕೂತ.