ಬೇಸಾಭಾವ ಮೀಮಾಂಸೆ

ಶಾಸ್ತ್ರಾರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳುವುದು ವಾಡಿಕೆ. ವಿಷಯ: ಉಬುಂಟುವಿನಲ್ಲಿ ಕಾಣದಿರುವ ಡೇಟಾಬೇಸ್ ತಂತ್ರಾಂಶ, ಲಿಬ್ರೆಆಫೀಸ್ ಬೇಸ್. ಅಧಿಕಾರಿ: ಮೊನ್ನೆ ಮೊನ್ನೆ ವಿಂಡೋಸ್ ತ್ಯಜಿಸಿ, ತನ್ನ ಸಂಘದ ಗ್ರಂಥಾಲಯಕ್ಕೆ ಪುಸ್ತಕಪಟ್ಟಿ ಮಾಡಲು ಕುಳಿತ ಲಿನಕ್ಸ್ ನವದೀಕ್ಷಿತ. ಪ್ರಯೋಜನ: ಆ ಪಟ್ಟಿ. ಸಂಬಂಧ: ಆತ ಪ್ರಬಂಧಕಾರನ ಭಾಮೈದ, ಆದ್ದರಿಂದ 'ನನಗೆ ಗೊತ್ತಿಲ್ಲ' ಎನ್ನುವ ಹಾಗಿಲ್ಲ.

ರೈಟರ್ ಉಂಟು, ಕ್ಯಾಲ್ಕ್ ಉಂಟು, ಇಂಪ್ರೆಸ್ ಉಂಟು, ಬೇಸ್ ಇಲ್ಲ. ಈ 'ಇಲ್ಲ' ಎಂಬ ಜ್ಞಾನ ಬಂದದ್ದು ಎಲ್ಲಿಂದ? ಪ್ರತ್ಯಕ್ಷದಿಂದ ಎಂದಾರು ನೈಯಾಯಿಕರು. ಅನುಪಲಬ್ಧಿಯೆಂಬ ಬೇರೆಯದೇ ಪ್ರಮಾಣವನ್ನು ತಂದಾರು ಭಾಟ್ಟರು. ಪ್ರಬಂಧಕಾರನಿಗಂತೂ ಅದು ರಾತ್ರಿ ಹತ್ತೂವರೆಗೆ ಫೋನಿನಲ್ಲಿ, ಅಂದರೆ ಶಬ್ದಪ್ರಮಾಣದಿಂದ ಬಂತು: "ಭಾವ, ಇದ್ರಲ್ಲಿ ಬೇಸೇ ಇಲ್ವಲ್ಲ!"

ಅಭಾವ ನಾಲ್ಕು ಬಗೆ. ತಾನೇ ಏನೋ ಒತ್ತಿ ಅಳಿಸಿಬಿಟ್ಟೆನೆಂದು ನವದೀಕ್ಷಿತ ಬೆವರುತ್ತಾನೆ. ಇದು ಪ್ರಧ್ವಂಸಾಭಾವದ ಭ್ರಮೆ. ಲಿನಕ್ಸಿನಲ್ಲಿ ಅಂಥದ್ದೇ ಇಲ್ಲವೆಂದು ಅವನ ಆಫೀಸಿನವರು ಸಾರುವುದು ಅತ್ಯಂತಾಭಾವದ ಪಕ್ಷ. 2005ರಲ್ಲೇ ಓಪನ್‌ಆಫೀಸ್ 2.0 ಜೊತೆ ಬೇಸ್ ಬಂದಿತ್ತು, 2010ರಲ್ಲಿ ಕವಲೊಡೆದ ಲಿಬ್ರೆಆಫೀಸಿಗೂ ಅದು ಹರಿದು ಬಂತು ಎಂಬಲ್ಲಿಗೆ ಈ ಪಕ್ಷ ಬಿತ್ತು. ಕ್ಯಾಲ್ಕ್ ಬೇರೆ, ಬೇಸ್ ಬೇರೆ ಎಂಬುದು ಅನ್ಯೋನ್ಯಾಭಾವ. ಇದನ್ನು ಒಪ್ಪದವರೇ ಲೋಕದಲ್ಲಿ ಹೆಚ್ಚು. ಅವರು ಸಾವಿರಾರು ಸಾಲುಗಳ ಕ್ಯಾಲ್ಕ್ ಹಾಳೆಯನ್ನೇ ಡೇಟಾಬೇಸ್ ಎಂದು ಕರೆದು ಸುಖವಾಗಿದ್ದಾರೆ. ಉಳಿದದ್ದು ಪ್ರಾಗಭಾವ: ಆದಿಯಿಲ್ಲ, ಅಂತ್ಯವುಂಟು. ಉಬುಂಟು ತನ್ನ ಜೊತೆಗೆ ಬೇಸನ್ನು ಕೊಡುವುದೇ ಇಲ್ಲ, ನಾವೇ ತರಿಸಿಕೊಳ್ಳಬೇಕು. ಇಡೀ ಉಬುಂಟು 700 ಎಂಬಿಯ ಸಿ.ಡಿ.ಯಲ್ಲಿ ಹಿಡಿಯಬೇಕಿದ್ದ ಕಾಲದಲ್ಲಿ ಇದಕ್ಕೆ ಜಾಗದ ನೆಪವಾದರೂ ಇತ್ತು. ಈಗ ಐಎಸ್‌ಒ ಫೈಲು ಹಲವು ಜಿಬಿಗೆ ಉಬ್ಬಿದೆ. ಬೇಸ್ ಮಾತ್ರ ಇನ್ನೂ ಹೊಸ್ತಿಲಾಚೆ.

ಸಿದ್ಧಾಂತ ಒಂದೇ ಸಾಲಿನದು: ಟರ್ಮಿನಲ್ ತೆರೆದು 'ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್ರೆಆಫೀಸ್-ಬೇಸ್' ಎಂಬ ಮಂತ್ರ. ಅದಕ್ಕೆ ಮೊದಲು 'ಸುಡೊ ಆಪ್ಟ್ ಅಪ್‌ಡೇಟ್' ಎಂಬ ಪೂರ್ವಾಂಗ. ಇದನ್ನು ಬಿಟ್ಟರೆ ಹಳೇ ಪಟ್ಟಿಯನ್ನೇ ನಂಬಿ ಆಪ್ಟ್ 'ಅಂಥ ಪ್ಯಾಕೇಜ್ ಸಿಗಲಿಲ್ಲ' ಎಂದು ಅತ್ಯಂತಾಭಾವದವರ ಕಡೆ ಸೇರಿಬಿಡಬಹುದು. ಆಮೇಲೆ ಪಾಸ್‌ವರ್ಡ್. ಉಬುಂಟುವಿನ ಬಹುತೇಕ ಆವೃತ್ತಿಗಳಲ್ಲಿ ಎಷ್ಟು ಕುಟ್ಟಿದರೂ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡದು. ನವದೀಕ್ಷಿತರಲ್ಲಿ ಅರ್ಧ ಮಂದಿ ಕೀಬೋರ್ಡ್ ಕೆಟ್ಟಿತೆಂದು ಎದ್ದು ಹೋಗುವುದು ಇಲ್ಲೇ. ಕರ್ಮ ಮಾಡಿದ್ದಾಗಿದೆ, ಫಲ ಕಾಣುತ್ತಿಲ್ಲ, ಆದರೂ ಒಳಗೆಲ್ಲೋ ಸಂಚಯವಾಗುತ್ತಿದೆ; ಮೀಮಾಂಸಕರು 'ಅಪೂರ್ವ' ಎನ್ನುವುದು ಇದನ್ನೇ ಇರಬೇಕು. ಎಂಟರ್ ಒತ್ತಿದ ಮೇಲೆ ನಂಬಿಕೆ ಬರುತ್ತದೆ.

ಇಲ್ಲೊಂದು ಆಕ್ಷೇಪ. ಬೇಸಿನೊಳಗಿರುವ ಎಚ್‌ಎಸ್‌ಕ್ಯುಎಲ್‌ಡಿಬಿ ಜಾವಾದಲ್ಲಿ ಬರೆದದ್ದು, ಅದಕ್ಕೆ ಜಾವಾ ಬೇಕು. ಜಾವಾಕ್ಕೆ ಇನ್ನೇನೋ ಬೇಕು, ಅದಕ್ಕೆ ಮತ್ತೇನೋ. ಹೀಗಾದರೆ ಅನವಸ್ಥಾದೋಷ ಬಾರದೇ? ಬಾರದು. ಬೇಕಾದುದನ್ನೆಲ್ಲ ಆಪ್ಟ್ ತಾನೇ ಪಟ್ಟಿಮಾಡಿ, 'ವೈ' ಒತ್ತಿದರೆ ಎಲ್ಲವನ್ನೂ ತರುತ್ತದೆ. ತನಗೆ 'ಸೂಪರ್ ಕೌ ಪವರ್ಸ್' ಇದೆಯೆಂದು ಆಪ್ಟ್‌ನ ಸಹಾಯಪುಟವೇ ಹೇಳಿಕೊಳ್ಳುತ್ತದೆ. ಕಾಮಧೇನು ಯಾವ ತಳಿಯದೆಂಬ ಚರ್ಚೆ ಇದರೊಂದಿಗೆ ಮುಗಿಯಿತೆಂದು ಭಾವಿಸುತ್ತೇವೆ. ಮರಿಯಾಡಿಬಿ ಹಾಕು, ಡಿಸ್ಟ್ರೋ ಬದಲಿಸು ಎನ್ನುವ ಪಂಡಿತರನ್ನು ಈ ಗ್ರಂಥ ಖಂಡಿಸುವುದಿಲ್ಲ, ಫೋನ್ ಎತ್ತುವುದಿಲ್ಲ ಅಷ್ಟೆ.

ಬೇಸ್ ಬಂತು, ತೆರೆಯಿತು. ಅಭಾವ ನಿವೃತ್ತಿಯಾಯಿತೆಂದು ಪ್ರಬಂಧಕಾರ ದಿಂಬಿಗೆ ತಲೆಯಿಡುವಷ್ಟರಲ್ಲಿ, ಹೊಸ ಡೇಟಾಬೇಸನ್ನು ನೋಂದಾಯಿಸಬೇಕೇ ಎಂದು ಅದರ ವಿಝಾರ್ಡ್ ಕೇಳಿತಂತೆ.

"ಭಾವ, ರಿಜಿಸ್ಟ್ರೇಷನ್‌ಗೆ ಆಧಾರ್ ಒಂದೇ ಸಾಕಾ, ಸಾಕ್ಷಿ ಹಾಕೋಕೆ ನೀವೂ ಬರಬೇಕಾ?"