ಆವರಣ ಚಿಹ್ನೆಯೊಳಗಿನ ಮಹಾಶಯರಿಗೆ

ಕರ್ನಾಟಕದ ಸಮಸ್ತ ಎಂಜಿನಿಯರಿಂಗ್ ಕಾಲೇಜುಗಳ ‘ಕಂಪ್ಯೂಟರ್ ಸೈನ್ಸ್ ಮತ್ತು ಎಂಜಿನಿಯರಿಂಗ್ (ಸೈಬರ್ ಸೆಕ್ಯುರಿಟಿ)’ ವಿಭಾಗಗಳ ಮುಖ್ಯಸ್ಥರ ಸನ್ನಿಧಾನಕ್ಕೆ, ನೀರಾವರಿ ಇಲಾಖೆಯಿಂದ ನಿವೃತ್ತನಾದ ಒಬ್ಬ ಎಂಜಿನಿಯರನ ಸವಿನಯ ವಿಜ್ಞಾಪನೆ.

ಮಾನ್ಯರೇ,

ತಾವು ಕ್ಷೇಮವಾಗಿರುವಿರೆಂದೂ, ತಮ್ಮ ವಿಭಾಗಕ್ಕೆ ಮಂಜೂರಾದ ಸೀಟುಗಳೆಲ್ಲವೂ ಮ್ಯಾನೇಜ್‌ಮೆಂಟ್ ಕೋಟಾ ಸಮೇತವಾಗಿ ಭರ್ತಿಯಾಗಿ ಆಡಳಿತ ಮಂಡಲಿಯವರು ತಮ್ಮಲ್ಲಿ ಸುಪ್ರಸನ್ನರಾಗಿರುವರೆಂದೂ ನಂಬಿಕೊಂಡು ಈ ಪತ್ರವನ್ನು ಬರೆಯುವ ಸಾಹಸ ಮಾಡುತ್ತಿದ್ದೇನೆ.

ನಾನು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಎಂಜಿನಿಯರಿಂಗ್ ವಿದ್ಯೆಗೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಕೆಲವೇ ವಿಭಾಗಗಳಿದ್ದು, ಅವುಗಳ ಹೆಸರು ಹೇಳಿ ಮುಗಿಸುವುದಕ್ಕೆ ಒಂದೇ ಉಸಿರು ಸಾಕಾಗುತ್ತಿತ್ತು. ಈಗಲಾದರೋ ಕಂಪ್ಯೂಟರ್ ಸೈನ್ಸ್ ಎಂಬ ಒಂದೇ ವಿಭಾಗವು ತನ್ನ ಹೆಸರಿನ ಬೆನ್ನಿಗೊಂದು ಆವರಣ ಚಿಹ್ನೆಯನ್ನು ಕಟ್ಟಿಕೊಂಡು, ಅದರೊಳಗೆ ಒಮ್ಮೆ ಕೃತಕ ಬುದ್ಧಿಮತ್ತೆಯನ್ನೂ ಒಮ್ಮೆ ಡೇಟಾ ಸೈನ್ಸನ್ನೂ ಒಮ್ಮೆ ಬ್ಲಾಕ್‌ಚೈನನ್ನೂ ಮತ್ತೊಮ್ಮೆ ಸೈಬರ್ ಸೆಕ್ಯುರಿಟಿಯನ್ನೂ ಧರಿಸಿ, ಒಂದೇ ಕಟ್ಟಡದ ಒಂದೇ ಅಂತಸ್ತಿನಲ್ಲಿ ಐದಾರು ವಿಭಾಗಗಳಾಗಿ ವಿರಾಜಿಸುತ್ತಿದೆ. ಒಂದು ವಿಭಾಗಕ್ಕೆ ಇಷ್ಟೇ ಸೀಟುಗಳೆಂಬ ಗರಿಷ್ಠ ಮಿತಿಯನ್ನು 2024-25ನೆಯ ಸಾಲಿನಿಂದ ಎಐಸಿಟಿಇಯವರು ಉತ್ತಮವೆನಿಸಿದ ಸಂಸ್ಥೆಗಳಿಗೆ ಸಡಿಲಿಸಿದ ಮೇಲಂತೂ ಈ ಚಿಹ್ನೆಯ ಮಹಿಮೆಯು ವರ್ಣನಾತೀತವಾಗಿದೆ. ಬೆಳಗ್ಗೆ ಒಂದು ಆವರಣದಲ್ಲಿ ಡೇಟಾ ಸ್ಟ್ರಕ್ಚರ್ಸ್ ಬೋಧಿಸಿದ ಉಪನ್ಯಾಸಕರೇ ಮಧ್ಯಾಹ್ನ ಇನ್ನೊಂದು ಆವರಣಕ್ಕೆ ದಾಟಿ ಅದೇ ಪಿಪಿಟಿಯನ್ನು ತೆರೆದು ಅದೇ ಪಾಠವನ್ನು ಹೇಳುವರಾದರೂ, ಫೀಸಿನ ರಸೀದಿಯಲ್ಲಿ ಮಾತ್ರ ಎರಡೂ ವಿದ್ಯೆಗಳು ಭಿನ್ನವಾಗಿಯೇ ಕಾಣುತ್ತವೆ. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಪ್ರತಿ ಸೆಪ್ಟೆಂಬರ್ 15ರಂದು ಹಾರ ಹಾಕುವ ತಾವು, ಆ ಮಹನೀಯರ ಸ್ವಂತ ವಿದ್ಯೆಯಾದ ಸಿವಿಲ್ ವಿಭಾಗದ ಹೈಡ್ರಾಲಿಕ್ಸ್ ಲ್ಯಾಬನ್ನು ತೆರವು ಮಾಡಿಸಿ, ಅಲ್ಲಿದ್ದ ಪೆಲ್ಟನ್ ವೀಲನ್ನು ಕಾರಿಡಾರಿನ ಮೂಲೆಯಲ್ಲಿ ಪೂಜಾವಸ್ತುವಿನಂತೆ ಸ್ಥಾಪಿಸಿರುವುದನ್ನು ಸಹ ಕಂಡಿದ್ದೇನೆ. ಅದರ ವಿಷಯದಲ್ಲಿ ನನ್ನ ದುಃಖವು ಕುಲಾಭಿಮಾನದ್ದಾದುದರಿಂದ ಹೆಚ್ಚು ಹೇಳುವುದಿಲ್ಲ.

ನಾನು ಅರಿಕೆ ಮಾಡಬೇಕೆಂದಿರುವುದು ಆವರಣದ ಒಳಗಣ ವಿದ್ಯೆಯ ವಿಚಾರವಾಗಿ. ಭದ್ರತಾ ವಿದ್ಯೆಯ ಬೀಜಮಂತ್ರವು ಸಂಶಯವೆಂದು, ಅಂದರೆ ಬೀಗವನ್ನು ಕಂಡೊಡನೆ ಇದು ಹೇಗೆ ತೆರೆದೀತು ಎಂದು ಕೇಳುವ ದುರ್ಬುದ್ಧಿಯೆಂದು, ನಾನು ಎಲ್ಲಿಯೋ ಓದಿ ತಪ್ಪಾಗಿ ತಿಳಿದುಕೊಂಡಿದ್ದೆನು. ಸಂಶಯಪಡುವವನು ಕೆಡುತ್ತಾನೆಂಬ ಹಿರಿಯರ ಮಾತನ್ನು ಶಿರಸಾ ವಹಿಸಿರುವ ತಾವು ಆ ದುರ್ಬುದ್ಧಿಯನ್ನು ಪಠ್ಯಕ್ರಮದಿಂದ ಎಷ್ಟು ಜಾಗರೂಕತೆಯಿಂದ ನಿವಾರಿಸಿದ್ದೀರೆಂಬುದು ತಮ್ಮ ಪ್ರಶ್ನಪತ್ರಿಕೆಗಳನ್ನು ಓದಿದ ಮೇಲೆ ನನಗೆ ಮನವರಿಕೆಯಾಯಿತು. 1977ರಲ್ಲಿ ಅಮೆರಿಕದ ಮಾನಕವಾಗಿ ಅಂಗೀಕೃತವಾದ ಡಿಇಎಸ್ ಎಂಬ ಗೂಢಲಿಪಿಯ ಒಂದು ಸುತ್ತನ್ನು ನೀಟಾದ ಚಿತ್ರದೊಡನೆ ವಿವರಿಸಿದವನಿಗೆ ಹತ್ತು ಅಂಕಗಳು. ಅದರ 56 ಬಿಟ್ಟುಗಳ ಕೀಲಿಯನ್ನು 1998ರಲ್ಲಿ ಅದಕ್ಕೆಂದೇ ಕಟ್ಟಿದ ಯಂತ್ರವೊಂದು ಮೂರು ದಿನಗಳೊಳಗಾಗಿ ಹುಡುಕಿ ತೆಗೆಯಿತೆಂಬುದಕ್ಕೂ, 2001ರಲ್ಲಿ ಅದರ ಸ್ಥಾನಕ್ಕೆ ಎಇಎಸ್ ಬಂದಿತೆಂಬುದಕ್ಕೂ, 2005ರಲ್ಲಿ ಡಿಇಎಸ್ ಮಾನಕವನ್ನು ಅಮೆರಿಕದವರೇ ಹಿಂತೆಗೆದುಕೊಂಡರೆಂಬುದಕ್ಕೂ ಅಂಕಗಳಿಲ್ಲ. ಹಳೆಯದನ್ನು ಓದಿಸಬಾರದೆಂದು ನಾನು ಹೇಳುತ್ತಿಲ್ಲ. ನಮ್ಮ ಕಸುಬಿನಲ್ಲಿಯೂ ಒಡೆದುಹೋದ ಅಣೆಕಟ್ಟುಗಳನ್ನು ಓದುವ ಪದ್ಧತಿಯುಂಟು, ಆದರೆ ಅವು ಏಕೆ ಒಡೆದುವೆಂದು ತಿಳಿಯುವುದಕ್ಕಾಗಿ ಓದುತ್ತೇವೆಯೇ ಹೊರತು ಅವುಗಳ ಹಿಂದೆ ಇಂದಿಗೂ ನೀರು ನಿಂತಿದೆಯೆಂದು ಭಾವಿಸಿಕೊಂಡು ಓದುವುದಿಲ್ಲ. ಆರ್‌ಎಸ್‌ಎ ವಿಧಾನಕ್ಕೆ ತಾವು ಕೊಡುವ ಲೆಕ್ಕದಲ್ಲಿ ಎರಡು ಅವಿಭಾಜ್ಯ ಸಂಖ್ಯೆಗಳು 3 ಮತ್ತು 11 ಆಗಿದ್ದು, ಪರೀಕ್ಷಾರ್ಥಿಯು ಲೋಕದ ರಹಸ್ಯಗಳನ್ನೆಲ್ಲ 33 ಎಂಬ ಗುಣಲಬ್ಧದ ಹಿಂದೆ ಬಚ್ಚಿಟ್ಟು ಹೊರಬರುತ್ತಾನೆ. ವ್ಯವಹಾರದಲ್ಲಿ ಆ ಸಂಖ್ಯೆಗೆ ಆರುನೂರಕ್ಕೂ ಮೀರಿದ ಅಂಕಿಗಳಿರುತ್ತವೆಯೆಂಬ ಸಂಗತಿಯು ಕ್ಯಾಲ್ಕ್ಯುಲೇಟರಿನ ಪರದೆಗೆ ಹಿಡಿಸದುದರಿಂದ ಸಿಲಬಸ್ಸಿಗೂ ಹಿಡಿಸಲಿಲ್ಲವೆಂದು ಕಾಣುತ್ತದೆ.

ಲ್ಯಾಬಿನ ವೈಭವವನ್ನು ಕಣ್ಣಾರೆ ನೋಡುವ ಭಾಗ್ಯವೂ ನನ್ನದಾಯಿತು. ಅರವತ್ತು ಮಂದಿಗೆ ಅರವತ್ತು ಯಂತ್ರಗಳು, ಅರವತ್ತರ ಮೇಲೂ ಒಂದೇ ಪ್ರೋಗ್ರಾಮು, ಅದು ಓಡದಿದ್ದರೂ ರೆಕಾರ್ಡಿನಲ್ಲಿ ಅರವತ್ತು ಕೈಬರಹಗಳಲ್ಲಿ ಒಂದೇ ಔಟ್‌ಪುಟ್ಟು. 1987ರಲ್ಲಿ ಹೊರಬಂದ ಟರ್ಬೋ ಸಿಯ ಆ ನೀಲಿ ಪರದೆಯು ತನ್ನನ್ನು ಹೆತ್ತ ಕಂಪನಿಯು ಮರೆತ ಮೇಲೂ ತಮ್ಮ ಆಶ್ರಯದಲ್ಲಿ ಚಿರಂಜೀವಿಯಾಗಿರುವುದನ್ನು ಕಂಡು ನನ್ನ ಕಣ್ಣು ಒದ್ದೆಯಾಯಿತು. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಎಂಬ ಒಂದೇ ಒಂದು ಯಂತ್ರವು ಬಂದಿಳಿದ ಮೇಲೆ, ರಾಜಾರಾಮನ್ ಮತ್ತು ಮಹಾಬಲ ಮೊದಲಾದ ಅಧ್ಯಾಪಕರು ಅದರ ಸುತ್ತ ವಿದ್ಯಾರ್ಥಿಗಳನ್ನೂ ಹೊರಗಿನ ವಿಜ್ಞಾನಿಗಳನ್ನೂ ಕೂಡಿಸಿ, ಈ ದೇಶದಲ್ಲಿ ಆ ವಿದ್ಯೆಗೆ ಪೀಠವನ್ನೇ ಕಟ್ಟಿದರಂತೆ. ಯಂತ್ರ ಒಂದೇ ಇದ್ದುದರಿಂದ ಅವರು ಯೋಚಿಸುವ ಅನಿವಾರ್ಯತೆಗೆ ಒಳಗಾದರು. ತಮಗೆ ಅಂಥ ಕಷ್ಟವಿಲ್ಲ.

ಅದೇ ಕಾನ್ಪುರದ ಇನ್ನೊಂದು ಸಂಗತಿಯನ್ನೂ ತಮ್ಮ ಗಮನಕ್ಕೆ ತರಬೇಕಾಗಿದೆ. ಒಂದು ಸಂಖ್ಯೆಯು ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಜೂಜಿನ ಅಂಶವಾಗಲಿ ಸಾಧಿತವಾಗದ ಊಹೆಗಳಾಗಲಿ ಇಲ್ಲದೆ, ಅಂಕಿಗಳು ಬೆಳೆದಂತೆ ಹದ್ದುಮೀರದ ಕಾಲದಲ್ಲಿ ನಿರ್ಣಯಿಸಬಹುದೇ ಎಂಬ ಪ್ರಶ್ನೆಯು ಬಹುಕಾಲದಿಂದ ದೊಡ್ಡ ದೊಡ್ಡ ಗಣಿತಜ್ಞರನ್ನು ಕಾಡಿತ್ತು. 2002ರ ಆಗಸ್ಟಿನಲ್ಲಿ ಅದಕ್ಕೆ ಸಾಧ್ಯವೆಂಬ ಉತ್ತರವನ್ನು ಕೊಟ್ಟವರು ಅಲ್ಲಿಯ ಕಂಪ್ಯೂಟರ್ ಸೈನ್ಸ್ ವಿಭಾಗದ ಮಣೀಂದ್ರ ಅಗ್ರವಾಲರೂ, ಆ ವರ್ಷವಷ್ಟೇ ಬಿ.ಟೆಕ್. ಮುಗಿಸಿದ್ದ ಅವರ ಇಬ್ಬರು ಶಿಷ್ಯರಾದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಅವರೂ. ಗಮನಿಸಬೇಕಾದುದೇನೆಂದರೆ, ಆ ಹುಡುಗರು ಈ ದಾರಿಯಲ್ಲಿ ನಡೆಯಲು ತೊಡಗಿದ್ದು ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ, ತಾವು ತಮ್ಮ ವಿದ್ಯಾರ್ಥಿಗಳಿಂದ ಪ್ರತಿ ವರ್ಷವೂ ಬಂಗಾರದ ಅಕ್ಷರಗಳ ರಟ್ಟು ಹಾಕಿಸಿ ಮೂರು ಪ್ರತಿಗಳಲ್ಲಿ ತರಿಸಿಕೊಳ್ಳುವ ಅದೇ ಪ್ರಾಜೆಕ್ಟಿನಲ್ಲಿ. ನಮ್ಮ ಹುಡುಗರು ಮಾತ್ರ ಇಷ್ಟು ಶ್ರಮಕ್ಕೆ ಗುರಿಯಾಗದಂತೆ, ಬೆಂಗಳೂರಿನ ಬೀದಿಗಳಲ್ಲಿ ‘ಐಇಇಇ ಪ್ರಾಜೆಕ್ಟುಗಳು ದೊರೆಯುತ್ತವೆ’ ಎಂಬ ಬೋರ್ಡುಗಳ ಅಡಿಯಲ್ಲಿ ಅಬ್‌ಸ್ಟ್ರ್ಯಾಕ್ಟು, ಕೋಡು, ರಿಪೋರ್ಟು, ವೈವಾದಲ್ಲಿ ಕೇಳಬಹುದಾದ ಪ್ರಶ್ನೆಗಳು, ಇವೆಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಒದಗಿಸುವ ದಯಾಳುಗಳು ನೆಲಸಿದ್ದಾರೆ. ವೈವಾದಲ್ಲಿ ತಾವು ಕೇಳುವ ಪ್ರಶ್ನೆಗಳು ಆ ಪ್ಯಾಕೇಜಿನೊಳಗಿನವೇ ಆಗಿರುತ್ತವೆಂಬ ಮಾತನ್ನು ನಾನು ನಂಬಲಿಲ್ಲ. ಒಬ್ಬ ಅಂಗಡಿಯವನು ಮಾತ್ರ ಅದಕ್ಕೆ ಗ್ಯಾರಂಟಿ ಕೊಟ್ಟನು.

ತಮ್ಮ ಸಂಶೋಧನೆಯ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿಲ್ಲ. ಇಷ್ಟು ಮಾತ್ರ ಬಲ್ಲೆನು: 2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವಿಲ್ಲದ ಪ್ರಬಂಧಗಳನ್ನು ತಾನೇ ಹೊಸೆಯುವ ಪ್ರೋಗ್ರಾಮೊಂದನ್ನು ರಚಿಸಿ, ಅದು ಹೆತ್ತ ಪ್ರಬಂಧವೊಂದನ್ನು ಸಮ್ಮೇಳನಕ್ಕೆ ಕಳುಹಿಸಿ ಅಂಗೀಕಾರವನ್ನೂ ಪಡೆದರು. 2014ರ ಹೊತ್ತಿಗೆ ಸ್ಪ್ರಿಂಗರ್ ಮತ್ತು ಐಇಇಇ ಎಂಬ ಘನ ಪ್ರಕಾಶಕರು ಇದೇ ಯಂತ್ರಸಂತಾನವಾದ ನೂರಿಪ್ಪತ್ತಕ್ಕೂ ಹೆಚ್ಚು ಪ್ರಬಂಧಗಳನ್ನು ತಮ್ಮ ಭಂಡಾರದಿಂದ ಹೊರಹಾಕಬೇಕಾಯಿತು. ಆ ಹುಡುಗರು ತಮಾಷೆಗೆ ಮಾಡಿದ್ದನ್ನು ಬಡ್ತಿಗಾಗಿ ಮಾಡುವವರು ಲೋಕದಲ್ಲಿದ್ದಾರೆಂದು ಕೇಳಿದ್ದೇನೆ, ತಮ್ಮಲ್ಲಿ ಇರಲಾರರು. ತಮ್ಮಲ್ಲಿ ಯುಜಿಸಿಯ 2018ರ ನಿಯಮವನ್ನು ಅಕ್ಷರಶಃ ಪಾಲಿಸಲಾಗುತ್ತದೆ, ಅಂದರೆ ಹತ್ತು ಶೇಕಡದವರೆಗಿನ ಸಾಮ್ಯಕ್ಕೆ ದಂಡವಿಲ್ಲವೆಂದು ಅಲ್ಲಿ ಹೇಳಿರುವುದರಿಂದ, ಪ್ರಬಂಧವು ಒಂಬತ್ತು ಶೇಕಡಕ್ಕೆ ಇಳಿಯುವವರೆಗೂ ಪದಗಳನ್ನು ಹಿಂದು ಮುಂದು ಮಾಡುವ ತಪಸ್ಸು ನಡೆಯುತ್ತದೆ.

ಇನ್ನು ಈ ಪತ್ರಕ್ಕೆ ಕಾರಣವಾದ ಪ್ರಸಂಗ. ನನ್ನ ತಂಗಿಯ ಮಗಳು ತಮ್ಮಲ್ಲೊಬ್ಬರ ವಿಭಾಗದಲ್ಲಿ ಐದನೆಯ ಸೆಮಿಸ್ಟರಿನಲ್ಲಿದ್ದಾಳೆ. ಆ ಕಾಲೇಜಿನ ಪೋರ್ಟಲ್ಲಿನಲ್ಲಿ ವಿದ್ಯಾರ್ಥಿಯ ಪಾಸ್‌ವರ್ಡು ಅವರವರ ಜನ್ಮದಿನಾಂಕವೇ ಆಗಿದ್ದು, ಒಳಗೆ ಹೋದ ಮೇಲೆ ಮೇಲ್ತುದಿಯ ವಿಳಾಸದಲ್ಲಿ ಕಡೆಯ ಅಂಕಿಯೊಂದನ್ನು ಬದಲಿಸಿದರೆ ಪಕ್ಕದ ರೋಲ್ ನಂಬರಿನವರ ಅಂಕಗಳೂ ತಂದೆಯ ಫೋನ್ ನಂಬರೂ ಮನೆಯ ವಿಳಾಸವೂ ಯಥಾವತ್ತಾಗಿ ಕಾಣಿಸುತ್ತಿದ್ದುವು. ತನ್ನದೇ ಅಂಕಿಯನ್ನು ತಪ್ಪಾಗಿ ಒತ್ತಿದಾಗ ಇದನ್ನು ಕಂಡ ಆ ಹುಡುಗಿಯು, ತಾನು ಸೈಬರ್ ಸೆಕ್ಯುರಿಟಿಯ ವಿದ್ಯಾರ್ಥಿನಿಯೆಂಬ ಭ್ರಮೆಯಲ್ಲಿ, ವಿವರವಾದ ಒಂದು ಟಿಪ್ಪಣಿಯನ್ನು ಬರೆದು ವಿಭಾಗದ ಮುಖ್ಯಸ್ಥರ ಟೇಬಲ್ಲಿನ ಮೇಲಿಟ್ಟಳು. ಮರುದಿನ ಆಕೆಯ ತಂದೆಯನ್ನು ಕರೆಸಲಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ 43ನೆಯ ಮತ್ತು 66ನೆಯ ಸೆಕ್ಷನ್ನುಗಳನ್ನು, ಮೂರು ವರ್ಷಗಳ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿಗಳ ದಂಡದ ಭಾಗವನ್ನು ಒತ್ತಿ ಹೇಳುತ್ತ, ಓದಿ ತಿಳಿಸಲಾಯಿತು; ಇಂಥ ತಪ್ಪನ್ನು ಮುಂದೆ ಮಾಡುವುದಿಲ್ಲವೆಂದು ಆಕೆಯಿಂದ ಮುಚ್ಚಳಿಕೆಯನ್ನು ಬರೆಸಿಕೊಳ್ಳಲಾಯಿತು. “ಮಾವ, ಐದು ಸೆಮಿಸ್ಟರಿನಲ್ಲಿ ನಮ್ಮ ಹೆಚ್‌ಓಡಿ ನನಗೆ ಖುದ್ದಾಗಿ ಪಾಠ ಮಾಡಿದ್ದು ಅದೊಂದೇ ದಿನ,” ಎಂದಳು.

ಈ ಮಾತನ್ನು ಕೇಳಿ ನನಗೆ ರಾಬರ್ಟ್ ಮೋರಿಸನು ಜ್ಞಾಪಕಕ್ಕೆ ಬಂದನು. ಕಾರ್ನೆಲ್ ವಿಶ್ವವಿದ್ಯಾನಿಲಯದ ಆ ವಿದ್ಯಾರ್ಥಿಯು 1988ರ ನವೆಂಬರ್ 2ರಂದು ಬಿಟ್ಟ ಪ್ರೋಗ್ರಾಮು ಇಂಟರ್ನೆಟ್ಟಿನ ಸಾವಿರಾರು ಯಂತ್ರಗಳೊಳಗೆ ಹುಳುವಿನಂತೆ ಹರಿದಾಡಿ ಅವುಗಳನ್ನು ನಿಷ್ಕ್ರಿಯಗೊಳಿಸಿತು. ಅದು ಒಳನುಗ್ಗಿದ ದಾರಿಗಳಲ್ಲಿ ಒಂದು, ಬಳಕೆದಾರನ ಹೆಸರನ್ನೇ, ಇಲ್ಲವೆ ಅದನ್ನು ತಿರುಗುಮುರುಗು ಮಾಡಿ, ಇಲ್ಲವೆ ತನ್ನ ಬಳಿಯಿದ್ದ ನಾಲ್ಕುನೂರು ಚಿಲ್ಲರೆ ಶಬ್ದಗಳ ಪಟ್ಟಿಯಿಂದ ಒಂದನ್ನು ಎತ್ತಿಕೊಂಡು ಪಾಸ್‌ವರ್ಡನ್ನು ಊಹಿಸುವುದಾಗಿತ್ತು. ಜನ್ಮದಿನಾಂಕವನ್ನು ಕಾಲೇಜೇ ಗೊತ್ತುಮಾಡಿಕೊಡುವ ಸೌಕರ್ಯವು ಪಾಪ ಅವನಿಗಿರಲಿಲ್ಲ. ಅವನ ಕೃತ್ಯವು ಅಪರಾಧವೇ. ಕಾರ್ನೆಲ್ ಅವನನ್ನು ಹೊರಗಿಟ್ಟಿತು, ನ್ಯಾಯಾಲಯವು ಮೂರು ವರ್ಷಗಳ ಪ್ರೊಬೇಶನ್ನನ್ನೂ ನಾನೂರು ಗಂಟೆಗಳ ಸಮುದಾಯ ಸೇವೆಯನ್ನೂ ದಂಡವನ್ನೂ ವಿಧಿಸಿತು. ಆದರೆ ಆ ಸಮಾಜವು ಅಷ್ಟಕ್ಕೆ ನಿಲ್ಲದೆ, ಆ ಹುಳು ಹರಿದಾಡಿದ ಬೆನ್ನಿಗೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಇಂಥ ಆಪತ್ತುಗಳಿಗೆ ಉತ್ತರಿಸುವ ಒಂದು ಕೇಂದ್ರವನ್ನು ತೆರೆಯಿತು. ಕಾಲಾನಂತರದಲ್ಲಿ ಮೋರಿಸನನ್ನು ಎಂಐಟಿಯವರು ಪ್ರಾಧ್ಯಾಪಕನನ್ನಾಗಿಯೂ ಮಾಡಿಕೊಂಡರು. ನಮ್ಮ ದೇಶದಲ್ಲಿಯೂ 2004ರಿಂದ ಸರ್ಟ್-ಇನ್ ಎಂಬ ಸಂಸ್ಥೆಯಿದ್ದು, ದೋಷ ಕಂಡವರು ತಿಳಿಸಲೆಂದೇ ಅಲ್ಲಿ ವ್ಯವಸ್ಥೆಯಿದೆ. ಹೀಗೆ, ಬೇರೆಡೆ ಸಾವಿರಾರು ಯಂತ್ರಗಳನ್ನು ಕೆಡವಿದವನಿಗೆ ಅಂತ್ಯದಲ್ಲಿ ಪೀಠ ದೊರೆಯಿತು, ನಮ್ಮಲ್ಲಿ ಒಂದು ಯಂತ್ರವನ್ನೂ ಕೆಡವದವಳಿಗೆ ಮುಚ್ಚಳಿಕೆ ದೊರೆಯಿತು. ತಮ್ಮ ಶಿಸ್ತಿನ ಶ್ರೇಷ್ಠತೆಗೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಇಲಾಖೆಯು ಈ ದೃಷ್ಟಿಯಿಂದ ಬಹಳ ಹಿಂದುಳಿದಿತ್ತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ದೊಡ್ಡ ಅಣೆಕಟ್ಟಿನ ಗರ್ಭದಲ್ಲಿ ಇನ್‌ಸ್ಪೆಕ್ಷನ್ ಗ್ಯಾಲರಿ ಎಂಬ ಸುರಂಗವನ್ನು ಬಿಟ್ಟು, ಕಟ್ಟೆಯು ಸೋರಿಯೇ ಸೋರುವುದೆಂದು ಮೊದಲೇ ಒಪ್ಪಿಕೊಂಡು, ಸೋರಿದ ನೀರನ್ನು ವಿ-ನಾಚಿನ ಮೇಲೆ ಹರಿಸಿ, ನಿನ್ನೆಗಿಂತ ಇಂದು ಹೆಚ್ಚೋ ಕಡಮೆಯೋ ಎಂದು ಬರೆದಿಡುವ ಸಂಶಯಗ್ರಸ್ತರು ನಾವು. ಕೆರೆಯ ಏರಿಯ ಹಿಂಬದಿಯಲ್ಲಿ ಒದ್ದೆ ಕಂಡಿತೆಂದು ನಡುರಾತ್ರಿ ಓಡಿಬಂದು ಬಾಗಿಲು ತಟ್ಟಿದ ನೀರುಗಂಟಿಯಿಂದ ಮುಚ್ಚಳಿಕೆ ಬರೆಸಿಕೊಳ್ಳಬೇಕೆಂಬ ಉಪಾಯವು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಅದರ ನೀರಿನ ಹೊಡೆತಕ್ಕೆ ಕೆಳಗಿದ್ದ ಖಡಕವಾಸಲಾವೂ ಒಡೆದು, ಪುಣೆಯೊಳಕ್ಕೆ ಪ್ರವಾಹ ನುಗ್ಗಿದ ಕಥೆಯನ್ನು ಕೇಳಿಕೊಂಡೇ ನಮ್ಮ ತಲೆಮಾರಿನವರು ಕೆಲಸಕ್ಕೆ ಸೇರಿದುದರಿಂದ ಈ ಅಂಜುಬುರುಕುತನವು ನಮಗೆ ಅಂಟಿತೋ ಏನೋ.

ಕಡೆಯದಾಗಿ ಎರಡು ಪ್ರಾರ್ಥನೆಗಳು. ಮಾನ್ಯತೆಯ ಸಮಿತಿಯವರು ಬರುವ ಮುನ್ನ ತಾವು ಸಿದ್ಧಪಡಿಸುವ ಫೈಲುಗಳಲ್ಲಿ, ಕೋರ್ಸಿನ ಫಲಿತಗಳನ್ನು ಪ್ರೋಗ್ರಾಮಿನ ಫಲಿತಗಳಿಗೆ ಒಂದು ಎರಡು ಮೂರು ಎಂದು ಅಂಕಿ ಹಾಕಿ ಹೊಂದಿಸಿದ ಆ ಅಸಂಖ್ಯಾತ ಕೋಷ್ಟಕಗಳ ನಡುವೆ, ವಿದ್ಯಾರ್ಥಿಗಳ ಸ್ವತಂತ್ರ ಸಂಶೋಧನೆ ಎಂಬ ಜಾಗವು ಬರಿದಾಗಿ ಉಳಿಯುವ ಸಂಭವವುಂಟು. ಅಲ್ಲಿ ಆ ಮುಚ್ಚಳಿಕೆಯ ಪ್ರತಿಯನ್ನು ಲಗತ್ತಿಸಬೇಕು, ಏಕೆಂದರೆ ಇಡೀ ಫೈಲಿನಲ್ಲಿ ನಿಜವಾಗಿ ಕಂಡುಹಿಡಿದ ಸಂಗತಿಯೊಂದು ಅದರೊಳಗೆ ಮಾತ್ರ ಇರುತ್ತದೆ. ಎರಡನೆಯದಾಗಿ, ಪೋರ್ಟಲ್ಲಿನ ಆ ರಂಧ್ರವು ಮುಚ್ಚಿದೆಯೇ ಎಂಬುದನ್ನು 43ನೆಯ ಸೆಕ್ಷನ್ನಿನ ಭಯದಿಂದ ನಾನು ಪರೀಕ್ಷಿಸಿಲ್ಲ. ಪರೀಕ್ಷಿಸುವುದಕ್ಕೆ ಲಿಖಿತ ಅನುಮತಿಯನ್ನು ದಯಪಾಲಿಸಬೇಕು. ಅದಕ್ಕೆ ಅರ್ಜಿಯನ್ನು ಅದೇ ಪೋರ್ಟಲ್ಲಿನ ಮೂಲಕ ಸಲ್ಲಿಸತಕ್ಕದ್ದೆಂದು ನಿಯಮವಿದ್ದರೆ ದಯಮಾಡಿ ತಿಳಿಸಿ, ನನ್ನ ಜನ್ಮದಿನಾಂಕವನ್ನು ಮುಚ್ಚಿದ ಲಕೋಟೆಯಲ್ಲಿ ಕಳುಹಿಸಿಕೊಡುತ್ತೇನೆ.

ಇಂತು ತಮ್ಮ ವಿಧೇಯ,
ನಿವೃತ್ತ ಎಂಜಿನಿಯರ್, ನೀರಾವರಿ ಇಲಾಖೆ